ಸರ್ವರ್ ಅಬಿಡ್ಸ್‌ನಲ್ಲೇ ಇರೋದು

ಕಲ್ಯಾಣಪ್ಪನವರಿಗೆ ಗೊತ್ತಿಲ್ಲದ ವಿಷಯಗಳು ಈ ಭೂಮಿಯ ಮೇಲೆ ಸಾಕಷ್ಟಿದ್ದವು. ಆದರೆ ಗೊತ್ತಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಿದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಹೆಂಡತಿ ಪ್ರೇಮಾ ಕೂಡ ಕೇಳಿರಲಿಲ್ಲ. ಎದುರಿನವರು ಮಾತು ಮುಗಿಸುವ ಮೊದಲೇ ಕಲ್ಯಾಣಪ್ಪನವರು ಕಣ್ಣು ಅರ್ಧ ಮುಚ್ಚಿ, ತಲೆ ಒಮ್ಮೆ ಆಡಿಸಿ, "ಗೊತ್ತೈತಿ, ಗೊತ್ತೈತಿ" ಎಂದುಬಿಡುತ್ತಿದ್ದರು. ಹುಮನಾಬಾದಿನಿಂದ ಹೈದರಾಬಾದಿಗೆ ಬಂದು, ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯ ಸ್ಟೋರಿನಲ್ಲಿ ಮೇಲ್ವಿಚಾರಕರಾಗಿ, ಕಾಚಿಗುಡದಲ್ಲಿ ಬಾಡಿಗೆ ಮನೆ ಹಿಡಿದು ಮರ್ಯಾದೆಯಿಂದ ಬಾಳಲು ಅವರಿಗೆ ಈ ಒಂದು ಮಾತೇ ಸಾಕಾಗಿತ್ತು. ಊರಿಗೆ ಕಂಪ್ಯೂಟರ್ ಬರದೇ ಇದ್ದಿದ್ದರೆ ಮುಂದೆಯೂ ಸಾಕಾಗುತ್ತಿತ್ತು.

ಆಗ ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಕಂಪ್ಯೂಟರಿನದೇ ಮಾತು. ಮಾಧಾಪುರದ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಅವುಗಳೊಳಗೆ ಕೂತು ಕೆಲಸ ಮಾಡಲು ಮೈಸೂರು, ಬೆಂಗಳೂರು, ಮಂಗಳೂರಿನ ಹುಡುಗ ಹುಡುಗಿಯರು ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡು ಬಂದಿಳಿಯುತ್ತಿದ್ದರು. ಅವರಲ್ಲೊಬ್ಬಳು ಮೈಸೂರಿನ ಹರ್ಷಿತಾ. ಅವಳು ಒಂದು ಭಾನುವಾರ ಕಾಚಿಗುಡದ ಕನ್ನಡ ಸಂಘದ ಸಭೆಗೆ ಬಂದು, ಚಹಾ ಬರುವ ಮೊದಲೇ ಎದ್ದು ನಿಂತು ಮಾತಾಡಿದಳು.

"ಇಲ್ಲಿನ ಕನ್ನಡದ ಮನೆಗಳಲ್ಲಿ ಹಳೇ ಪುಸ್ತಕ ಎಷ್ಟೊಂದಿವೆ. ಸೋಲಾಪುರ, ಬೀದರ್, ಕಲಬುರಗಿ ಕಡೆ ಅಚ್ಚಾಗಿರೋವು ಬೇರೆಲ್ಲೂ ಸಿಗಲ್ಲ. ನೀವು ಪುಸ್ತಕ ಕೊಡಿ, ನಾವು ಸ್ಕ್ಯಾನ್ ಮಾಡ್ತೀವಿ, ಮೈಸೂರಲ್ಲಿ ನನ್ನ ಸ್ನೇಹಿತರು ತಪ್ಪು ತಿದ್ದುತ್ತಾರೆ. ಎಲ್ಲರೂ ಸೇರಿ ಒಂದು ಡಿಜಿಟಲ್ ಗ್ರಂಥಾಲಯ ಕಟ್ಟೋಣ. ಕಟ್ಟೋದು ಸುಲಭ, ನಡೆಸಿಕೊಂಡು ಹೋಗೋದೇ ಕಷ್ಟ. ಅದಕ್ಕೆ ಇಲ್ಲಿ ಒಬ್ಬರು ಜವಾಬ್ದಾರಿ ತಗೋಬೇಕು. ಕಂಪ್ಯೂಟರ್ ಗೊತ್ತಿರೋರು ಯಾರಾದ್ರೂ ಇದೀರಾ?"

ಸಭಿಕರೆಲ್ಲ ಮೇಲೆ ತಿರುಗುವ ಫ್ಯಾನನ್ನು ನೋಡತೊಡಗಿದರು. ಆಗ ಕಲ್ಯಾಣಪ್ಪನವರ ತಲೆ ಅಭ್ಯಾಸಬಲದಿಂದ ಒಮ್ಮೆ ಆಡಿತು. ಬಾಯಿಯೂ ಅಭ್ಯಾಸಬಲದಿಂದ "ಗೊತ್ತೈತಿ" ಎಂದಿತು. ಅವರ ಸ್ಟೋರಿನಲ್ಲಿ ಒಂದು ಕಂಪ್ಯೂಟರ್ ಇದ್ದದ್ದು ನಿಜ. ಅದರ ಮೇಲೆ ಹೊದಿಸುವ ಬಟ್ಟೆಯನ್ನು ಒಗೆಸಿ ಇಡುವ ಜವಾಬ್ದಾರಿ ಅವರದಾಗಿತ್ತು.

ಸಂಘದ ಅಧ್ಯಕ್ಷರು ಶಿವಶರಣಪ್ಪನವರು. ನಾಂಪಲ್ಲಿಯ ಕಚೇರಿಯೊಂದರಲ್ಲಿ ಸಾಹೇಬರಾಗಿದ್ದು ನಿವೃತ್ತರಾದವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಠರಾವು. ಅವರು ಮೇಜು ಕುಟ್ಟಿ, "ಕಲ್ಯಾಣಪ್ಪನವರು ನಮ್ಮ ಡಿಜಿಟಲ್ ಗ್ರಂಥಪಾಲಕರು ಅಂತ ಠರಾವು ಮಾಡೇವಿ" ಎಂದರು. ಚಪ್ಪಾಳೆ ಬಿತ್ತು. ಚಹಾವೂ ಬಂತು.

ಪುಸ್ತಕಗಳು ಕಲ್ಯಾಣಪ್ಪನವರ ಮನೆಗೆ ಬಂದು ಬೀಳತೊಡಗಿದವು. ಬೇಳೆಕಾಳಿನ ವ್ಯಾಪಾರಿ ರಾಮದಾಸರು ಒಂದು ಗಂಟು ತಂದರು, ಬ್ಯಾಂಕಿನ ಮಲ್ಲಪ್ಪನವರು ಒಂದು ಚೀಲ ತಂದರು. ಪ್ರೇಮಾ ತವರಿನಿಂದ ತಂದ ಟ್ರಂಕಿನೊಳಗಿನ ರೇಷ್ಮೆ ಸೀರೆಗಳನ್ನು ತೆಗೆದು ಪುಸ್ತಕ ತುಂಬಿದ್ದಾಯಿತು. ಭಾನುವಾರಗಳಂದು ಹರ್ಷಿತಾ ತನ್ನ ಗೆಳೆಯರೊಂದಿಗೆ ಯಂತ್ರ ಹೊತ್ತು ಬಂದು ಪುಟ ಪುಟವನ್ನೂ ಬೆಳಕಿಗೆ ಹಿಡಿದು ಸ್ಕ್ಯಾನ್ ಮಾಡಿದಳು. ಮಾಡಿದ್ದನ್ನು ಸಿ.ಡಿ.ಗಳಲ್ಲಿ ತುಂಬಿ ಒಂದು ಡಬ್ಬಿಯಲ್ಲಿಟ್ಟು, "ಅಂಕಲ್, ಇದು ಜೋಪಾನ" ಎಂದಳು. "ಗೊತ್ತೈತಿ" ಎಂದರು ಕಲ್ಯಾಣಪ್ಪನವರು. ಅವಳು ಹೋದ ಮೇಲೆ ಒಂದು ಸಿ.ಡಿ.ಯನ್ನು ಎತ್ತಿ, ಅದರಲ್ಲಿ ತಮ್ಮ ಮುಖ ನೋಡಿಕೊಂಡು, ಉದ್ಘಾಟನೆಯ ದಿನ ಹಾಕುವ ಭಕ್ತಿಗೀತೆಗಳು ಇರಬೇಕೆಂದು ತೀರ್ಮಾನಿಸಿ, ಡಬ್ಬಿಯನ್ನು ಟೇಪ್‌ರೆಕಾರ್ಡರ್ ಪಕ್ಕದಲ್ಲಿರಿಸಿದರು.

ಒಂದೇ ಒಂದು ಪುಸ್ತಕ ಮಾತ್ರ ಬಂದಿರಲಿಲ್ಲ. ಅದು ಗಂಗೂಬಾಯಿಯವರ ಪುರಾಣ.

ಗಂಗೂಬಾಯಿ ಎಂದರೆ ಪ್ರೇಮಾಳ ದೊಡ್ಡವ್ವ. ನಮ್ಮ ಕಡೆಯ ಮಂದಿಗೆಲ್ಲ ಹೈದರಾಬಾದಿನಲ್ಲಿ ಅವರೇ ಹಿರಿಯರು. ಪ್ರತಿ ವರ್ಷ ಶ್ರಾವಣದ ಮೊದಲ ಸೋಮವಾರ ಅವರ ಮನೆಯಲ್ಲಿ ಪುರಾಣ ಆರಂಭ. ಅವರು ಓದುವುದು, ಮಂದಿ ಕೇಳುವುದು, ಕೊನೆಗೆ ಹೋಳಿಗೆ. ಆ ಪುಸ್ತಕ ಅವರ ಅಜ್ಜನ ಕಾಲದ್ದು, ಅದರ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಅದಿಲ್ಲದ ಗ್ರಂಥಾಲಯ ಗ್ರಂಥಾಲಯವೇ ಅಲ್ಲ ಎಂದು ಅಧ್ಯಕ್ಷರು ಠರಾವು ಮಾಡಿದಾಗ ಕಲ್ಯಾಣಪ್ಪನವರು ಮುದುಕಿಯ ಮನೆಯ ಮೆಟ್ಟಿಲು ಸವೆಸಿದರು. ಕೊನೆಗೊಮ್ಮೆ, ಸ್ಕ್ಯಾನಿಂಗ್ ಎಲ್ಲ ಮುಗಿದ ಮೇಲೆ, ಗಂಗೂಬಾಯಿ ಒಳಗೆ ಹೋಗಿ, ಹಳೆಯ ಇಳಕಲ್ ಸೆರಗಿನಲ್ಲಿ ಬಿಗಿಯಾಗಿ ಸುತ್ತಿ ಗಂಟು ಹಾಕಿದ ಒಂದು ದಪ್ಪ ಕಟ್ಟನ್ನು ತಂದು ಅಳಿಯನ ಕೈಯಲ್ಲಿಟ್ಟರು.

"ಬಿಚ್ಚಬ್ಯಾಡ್ರಿ. ಯಂತ್ರದಾಗ ಇಡೂ ದಿನ ನನ್ನ ಕರೀರಿ. ನಾನ ಬಂದು, ನನ್ನ ಕೈಲೇ ಬಿಚ್ಚತೀನಿ."

"ಕಣ್ಣಾಗ ಇಟ್ಟು ಕಾಯ್ತೀನಿ ಅತ್ತ್ಯಾರ," ಎಂದರು ಕಲ್ಯಾಣಪ್ಪನವರು.

"ಕಣ್ಣಾಗ ಯಾಕ, ಟ್ರಂಕಿನ್ಯಾಗ ಇಡ್ರಿ, ಸಾಕು," ಎಂದರು ಗಂಗೂಬಾಯಿ.

ಆ ವಾರವೇ ಹರ್ಷಿತಾಳ ಫೋನು ಬಂತು.

"ಅಂಕಲ್, ಆಫೀಸ್ ಕೆಲಸ, ನಾನು ಪುಣೆಗೆ ಹೋಗ್ತಿದೀನಿ. ಸ್ಕ್ಯಾನ್ ಮುಗೀತಲ್ಲ. ಇನ್ನು ಪುಸ್ತಕ ಎಲ್ಲ ಸರ್ವರ್‌ಗೆ ಹಾಕ್ಬಿಟ್ರೆ ಆಯ್ತು. ನೀವು ಹಾಕಿಸ್ತೀರಾ?"

"ಗೊತ್ತೈತಿ, ಗೊತ್ತೈತಿ."

"ಸರ್ವರ್ ಅಬಿಡ್ಸ್‌ನಲ್ಲೇ ಇರೋದು. ನಿಮಗೆ ಹತ್ರ."

"ಗೊತ್ತೈತಿ ಅವ್ವಾ."

"ಒಂದ್ಸಲ ಸರ್ವರ್‌ಗೆ ಹಾಕಿದ್ರೆ ಮುಗೀತು. ಯಾರಿಗೆ ಬೇಕಾದ್ರೂ ಸಿಗುತ್ತೆ."

ಇಲ್ಲಿ ವ್ಯಾಕರಣದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹುಡುಗಿ "ಸರ್ವರ್ ಅಬಿಡ್ಸ್‌ನಲ್ಲಿ ಇದೆ" ಎಂದಿದ್ದರೆ ಅದೊಂದು ವಸ್ತುವೆಂದು ಕಲ್ಯಾಣಪ್ಪನವರಿಗೆ ಹೊಳೆಯುತ್ತಿತ್ತು. ಆದರೆ ಮೈಸೂರಿನವರು "ಇರೋದು" ಎಂದುಬಿಡುತ್ತಾರೆ. ಅವರ ಬಾಯಲ್ಲಿ ಎಮ್ಮೆಯೂ ಕೊಟ್ಟಿಗೆಯಲ್ಲಿ ಇರೋದು, ಮಾವನವರೂ ಮೈಸೂರಿನಲ್ಲಿ ಇರೋದು. ಇನ್ನು "ಹಾಕುವುದು" ಎಂಬುದಕ್ಕೆ ಕಾರ್ಖಾನೆಯ ಸ್ಟೋರಿನಲ್ಲಿ ಒಂದೇ ಅರ್ಥ. ಮಾಲು ಹಾಕುವುದೆಂದರೆ ಯಾರಿಗೆ ಸೇರಬೇಕೋ ಅವರಿಗೆ ಮುಟ್ಟಿಸಿ ಬರುವುದು. ಹೀಗೆ ಕನ್ನಡದ ಎರಡು ಕ್ರಿಯಾಪದಗಳು ಸೇರಿಕೊಂಡು ಒಬ್ಬ ಮರ್ಯಾದಸ್ಥ ಮನುಷ್ಯನನ್ನು ಹಳ್ಳಕ್ಕೆ ಕೆಡವಿದವು.

"ಸರ್ವರ್ ಅಂದ್ರ ಹೋಟೆಲಿನ ಸರ್ವರ್ ಏನ್ರೀ? ದೋಸಿ ತಂದುಕೊಡಾಂವ?" ಎಂದು ಪ್ರೇಮಾ ಕೇಳಿದಳು.

"ಹೋಟೆಲಿನಾಂವಗ ಪುಸ್ತಕ ಯಾಕ ಬೇಕು? ಸರ್ವರ್ ಅನ್ನೂದು ಇಲ್ಲಿ ಸಾಬರ ಹೆಸರು. ನಮ್ಮ ಕಾರ್ಖಾನೆಯಾಗ ಇಬ್ಬರು ಸರ್ವರ್ ಅದಾರ," ಎಂದು ಕಲ್ಯಾಣಪ್ಪನವರು ಗದರಿಸಿದರು. ಪ್ರೇಮಾ ಸುಮ್ಮನಾದಳು. ಸುಮ್ಮನಾಗಿದ್ದಕ್ಕೆ ಆಮೇಲೆ ಭಾಳ ದಿನ ಪಶ್ಚಾತ್ತಾಪಪಟ್ಟಳು.

ಸರ್ವರ್ ಯಂತ್ರವಲ್ಲವಾದ್ದರಿಂದ ಗಂಗೂಬಾಯಿಯವರನ್ನು ಕರೆಯದೆ, ಅವರ ಕಟ್ಟೂ ಇದ್ದ ಟ್ರಂಕನ್ನು ಆಟೋದಲ್ಲಿ ಹೇರಿಕೊಂಡು ಕಲ್ಯಾಣಪ್ಪನವರು ಅಬಿಡ್ಸ್‌ನ ಅಂಚೆ ಕಚೇರಿಯ ಹತ್ತಿರ ಇಳಿದರು. ಇಷ್ಟು ದೊಡ್ಡ ಅಬಿಡ್ಸ್‌ನಲ್ಲಿ ಒಬ್ಬ ಸರ್ವರನನ್ನು ಎಲ್ಲಿ ಹುಡುಕುವುದು ಎಂಬ ಚಿಂತೆಯಿಂದ ಇರಾನಿ ಹೋಟೆಲಿನ ಗಲ್ಲಾಪೆಟ್ಟಿಗೆಯವನನ್ನು ಕೇಳಿದರು. "ಸರ್ವರ್ ಭಾಯಿ? ಕಿತಾಬಾಂ ವಾಲೆ?" ಎಂದು ಅವನೇ ಪುಸ್ತಕದ ಮಾತೆತ್ತಿ ಪಕ್ಕದ ಗಲ್ಲಿ ತೋರಿಸಿದ. ಇದಕ್ಕಿಂತ ಇನ್ನೇನು ಪುರಾವೆ ಬೇಕು? ಕಲ್ಯಾಣಪ್ಪನವರ ಎದೆಯ ಭಾರ ಇಳಿಯಿತು.

ಸರ್ವರ್ ಭಾಯಿ ಹಳೆಯ ಪುಸ್ತಕದ ವ್ಯಾಪಾರಿ. ಗಲ್ಲಿಯಲ್ಲೊಂದು ಸಣ್ಣ ಅಂಗಡಿ, ಭಾನುವಾರ ಮಾತ್ರ ಫುಟ್‌ಪಾತಿನ ಮೇಲೆ ಪುಸ್ತಕ ಹರಡುವುದು. ದುಂಡು ಮುಖ, ಗೋರಂಟಿ ಹಚ್ಚಿದ ಗಡ್ಡ, ಎದುರಿಗೆ ಬಂದವರೆಲ್ಲರನ್ನೂ ನೆಂಟರೆಂದು ತಿಳಿಯುವ ಸ್ವಭಾವ. ಟ್ರಂಕನ್ನು ತೆರೆದು ನೋಡಿ ಅವನು ಬೆರಗಾದ.

"ಸಬ್‌ಕೋ ಮಿಲ್‌ನಾ," ಎಂದರು ಕಲ್ಯಾಣಪ್ಪನವರು, ಎಲ್ಲರಿಗೂ ಸಿಗಬೇಕು ಎಂಬ ಅರ್ಥದಲ್ಲಿ.

"ಮಿಲ್ತಾ ಸಾಬ್. ಇತ್ವಾರ್ ಕೋ ಸಬ್‌ಕೋ ಮಿಲ್ತಾ," ಎಂದು ಸರ್ವರ್ ಭರವಸೆ ಕೊಟ್ಟ. ಭಾನುವಾರ ಎಲ್ಲರಿಗೂ ಸಿಗುತ್ತದೆ ಎಂದು ಅವನು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಆಮೇಲೆ ಅವನು ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದಾಗ ಕಲ್ಯಾಣಪ್ಪನವರು ಕಿವಿ ಮುಟ್ಟಿಕೊಂಡು, "ನಕ್ಕೋ, ನಕ್ಕೋ, ಇದು ಸೇವಾ" ಎಂದರು. ಹಳೆಯ ಪುಸ್ತಕದ ವ್ಯಾಪಾರದಲ್ಲಿ ಇಂಥ ಗಿರಾಕಿಯನ್ನು ಸರ್ವರ್ ಕಂಡಿರಲಿಲ್ಲ. ಅವನ ಕಣ್ಣು ಒದ್ದೆಯಾಯಿತು. ಉಸ್ಮಾನಿಯಾ ಬಿಸ್ಕತ್ತು, ಚಹಾ ತರಿಸಿದ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡು ಬೇರೆಯಾದರು.

ಮುಂದಿನ ವಾರ ಪುಣೆಯಿಂದ ಫೋನು ಬಂತು.

"ಅಂಕಲ್, ಸರ್ವರ್‌ಗೆ ಹಾಕಿಸಿದ್ರಾ?"

"ಅವತ್ತ ಹಾಕಿ ಬಂದೆ."

"ಸೂಪರ್. ಸರ್ವರ್ ಪರವಾಗಿಲ್ವಾ, ನಂಬಬಹುದಾ?"

"ಭಾಳ ನಂಬಿಗಸ್ಥ ಅವ್ವಾ. ಚಹಾದ ದುಡ್ಡೂ ಕೊಡಾಕ ಬಿಡಲಿಲ್ಲ."

ಪುಣೆಯ ಲೈನಿನಲ್ಲಿ ಗೊರಗೊರ ಸದ್ದು. ಚಹಾದ ಮಾತು ಅವಳಿಗೆ ಕೇಳಿಸಲಿಲ್ಲ. "ಯಾವಾಗ್ಲೂ ಓಪನ್ ಇರುತ್ತೆ ತಾನೆ?" ಎಂದು ಕೇಳಿದಳು.

"ಶುಕ್ರವಾರ ಮಧ್ಯಾಹ್ನ ಒಂದ್ ತಾಸು ಬಂದ್ ಇರ್ತೈತಂತ."

"ಓ, ಮೇಂಟೆನೆನ್ಸಾ?"

"ಗೊತ್ತೈತಿ, ಅದನ."

ಅದಾಗಿ ಸ್ವಲ್ಪ ದಿನಕ್ಕೆ, ಸಂಘದ ಕಾರ್ಯಕಾರಿ ಸಭೆ ನಡೆದಿದ್ದಾಗಲೇ ಅವಳು ಸಂಘದ ಫೋನಿಗೆ ಕರೆ ಮಾಡಿದಳು. "ಸೈಟ್ ತೆರೀತಿಲ್ಲ ಅಂಕಲ್. ಸರ್ವರ್ ಡೌನ್ ಅನ್ಸುತ್ತೆ, ರಾತ್ರಿಯಿಂದ. ಸ್ವಲ್ಪ ಹೋಗಿ ನೋಡ್ತೀರಾ?" ಕಲ್ಯಾಣಪ್ಪನವರು ರಿಸೀವರ್ ಕೆಳಗಿಟ್ಟು, ಸಭೆಯತ್ತ ತಿರುಗಿ, "ನಮ್ಮ ಸರ್ವರ್ ರಾತ್ರಿಯಿಂದ ಡೌನ್ ಅದಾರಂತ" ಎಂದರು.

ಸಭೆಗೆ ಕಳವಳವಾಯಿತು. ಗ್ರಂಥಾಲಯದ ಎಲ್ಲ ಪುಸ್ತಕಗಳು ಅಬಿಡ್ಸ್‌ನ ಸರ್ವರ್ ಎಂಬ ಅಧಿಕಾರಿಯ ವಶದಲ್ಲಿವೆ ಎಂದು ಕಲ್ಯಾಣಪ್ಪನವರು ವರದಿ ಒಪ್ಪಿಸಿದ್ದರು.

"ಡೌನ್ ಅಂದ್ರ ಜ್ವರ ಏನು?" ಎಂದು ಮಲ್ಲಪ್ಪ ಕೇಳಿದರು.

"ಸಕ್ಕರಿ ಕಾಯಿಲಿ ಇರಬೇಕು. ಈಗ ಎಲ್ಲಾರಿಗೂ ಡೌನ್ ಆಗೂದು ಅದರಿಂದನ," ಎಂದರು ರಾಮದಾಸರು. ಅವರಿಗೂ ಅದೇ ಕಾಯಿಲೆ ಇತ್ತು.

"ಶ್ರೀಯುತ ಸರ್ವರ್ ಅವರು ಶೀಘ್ರ ಗುಣಮುಖರಾಗಲಿ ಅಂತ ಸಂಘ ಹಾರೈಸತೈತಿ," ಎಂದು ಶಿವಶರಣಪ್ಪನವರು ಮೇಜು ಕುಟ್ಟಿದರು. "ಕಲ್ಯಾಣಪ್ಪನವರು ಸಂಘದ ಪರವಾಗಿ ಮೋಸಂಬಿ ತಗೊಂಡು ಹೋಗಿ ಭೆಟ್ಟಿ ಆಗಿ ಬರಬೇಕು. ಠರಾವು."

ಸಕ್ಕರೆ ಕಾಯಿಲೆಗೆ ಮೋಸಂಬಿ ಆಗುತ್ತದೆಯೋ ಇಲ್ಲವೋ ಎಂಬ ಚರ್ಚೆ ಇನ್ನೂ ನಡೆದಿರುವಾಗಲೇ ಕಲ್ಯಾಣಪ್ಪನವರು ಹೊರಟರು. ಅವರ ಚಿಂತೆ ಮಾತ್ರ ಬೇರೆಯೇ ಆಗಿತ್ತು. ಶ್ರಾವಣ ಹತ್ತಿರ ಬಂದಿತ್ತು. ಗಂಗೂಬಾಯಿಯವರ ಕಟ್ಟು ಟ್ರಂಕಿನಲ್ಲಿತ್ತು, ಟ್ರಂಕು ಸರ್ವರನ ಬಳಿ ಇತ್ತು. ಸರ್ವರ್‌ಗೆ ಏನಾದರೂ ಆಗಿಹೋದರೆ ಗತಿಯೇನು?

ಸರ್ವರ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದ. ಮೋಸಂಬಿ ಚೀಲ ಕಂಡು ಹಿಗ್ಗಿದ. ತನಗೆ ಯಾವ ಕಾಯಿಲೆಯೂ ಇಲ್ಲವೆಂದು ತಿಳಿಸಿ, ಒಳಗಿನಿಂದ ಟ್ರಂಕು ತರಿಸಿದ. ಟ್ರಂಕು ಖಾಲಿಯಿತ್ತು.

"ಸಬ್ ಗಯಾ ಸಾಬ್, ಮಾಷಾ ಅಲ್ಲಾ," ಎಂದ ಸರ್ವರ್. ಎಲ್ಲವೂ ಹೋಯಿತು ಎಂದು ಹೇಳುವಾಗ ಅವನ ಮುಖದಲ್ಲಿ ಕೃತಜ್ಞತೆ ತುಂಬಿತ್ತು.

"ವಾಪಸ್ ಕಬ್ ಆತೆ?" ಎಂದು ಕಲ್ಯಾಣಪ್ಪನವರು ಕೇಳಿದರು.

"ವಾಪಸ್ ಕಾಯ್ಕು ಆತೆ ಸಾಬ್?" ಎಂದು ಸರ್ವರ್ ತಿರುಗಿ ಕೇಳಿದ. ಮಾರಿದ ಪುಸ್ತಕ ವಾಪಸ್ಸು ಯಾಕೆ ಬರುತ್ತದೆ ಎಂಬುದು ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಕಲ್ಯಾಣಪ್ಪನವರು ತಾವು ತಂದ ಮೋಸಂಬಿ ಚೀಲವನ್ನು ಹಿಡಿದುಕೊಂಡೇ ಅವನ ಕುರ್ಚಿಯಲ್ಲಿ ಕೂತುಬಿಟ್ಟರು. ಆ ಹೊತ್ತಿನಲ್ಲಿ ಅವರನ್ನು ನೋಡಿದ ಯಾರಿಗಾದರೂ ಡೌನ್ ಆಗಿರುವವರು ಯಾರೆಂದು ತಿಳಿಯುತ್ತಿತ್ತು.

ಖಾಲಿ ಟ್ರಂಕಿನೊಂದಿಗೆ ಹೇಗೋ ಮನೆ ಮುಟ್ಟಿ, ಪುಣೆಗೆ ಫೋನು ಹಚ್ಚಿದರು.

"ಸರ್ವರ್‌ಗೆ ಏನೂ ಆಗಿಲ್ಲವ್ವಾ. ಆರಾಮ ಅದಾನ. ಬಿಸ್ಕೀಟು ತಿನ್ನಾಕತ್ತಿದ್ದ."

ಹರ್ಷಿತಾ ನಿಧಾನವಾಗಿ, "ಯಾರು ಅಂಕಲ್?" ಎಂದಳು.

ಸರ್ವರ್ ಎಂದರೆ ಒಂದು ಯಂತ್ರವೆಂದೂ, ಅದು ಅಬಿಡ್ಸ್‌ನ ಒಂದು ಕಂಪನಿಯ ತಣ್ಣನೆಯ ಕೋಣೆಯಲ್ಲಿ ಇದೆಯೆಂದೂ, ಅದು ಚಹಾ ಕುಡಿಯುವುದಿಲ್ಲವೆಂದೂ ಕಲ್ಯಾಣಪ್ಪನವರಿಗೆ ಅಂದು ತಿಳಿಯಿತು. ಹಾಕಬೇಕಾಗಿದ್ದದ್ದು ಡಬ್ಬಿಯಲ್ಲಿನ ಸಿ.ಡಿ.ಗಳನ್ನು. ಹರ್ಷಿತಾ ಮೊದಲು ನಕ್ಕಳು, ಆಮೇಲೆ ಅವರ ದನಿ ಕೇಳಿ ನಗುವುದನ್ನು ನಿಲ್ಲಿಸಿದಳು.

"ಸಿ.ಡಿ. ಇವೆ ತಾನೆ? ಹಾಗಾದ್ರೆ ಗ್ರಂಥಾಲಯಕ್ಕೆ ಏನೂ ಆಗಿಲ್ಲ ಅಂಕಲ್. ನಮ್ಮ ಆಫೀಸಿನವರು ಬಂದು ತಗೊಂಡು ಹೋಗ್ತಾರೆ. ಪುಸ್ತಕದ ವಿಷಯ ಮಾತ್ರ ಜನಕ್ಕೆ ಏನಾದ್ರೂ ಹೇಳ್ಬೇಕು."

"ಮತ್ತ ಗಂಗೂಬಾಯೇರ ಪುರಾಣ?"

"ಅದು ನಾನು ನೋಡೇ ಇಲ್ವಲ್ಲ. ಅದರ ಸಿ.ಡಿ. ಎಲ್ಲಿಂದ ಬರುತ್ತೆ?"

ಕಲ್ಯಾಣಪ್ಪನವರಿಗೆ ಅನ್ನ ಸೇರದಂತಾಯಿತು. ಊರೆಲ್ಲ ಪುಸ್ತಕ ಕೊಟ್ಟದ್ದು ಸಂಘವನ್ನು ನಂಬಿ. ಗಂಗೂಬಾಯಿ ಕೊಟ್ಟದ್ದು ಇವರೊಬ್ಬರನ್ನು ನಂಬಿ. ಕಾರ್ಖಾನೆಯಲ್ಲಿ ಕೆಮ್ಮಿನ ಔಷಧಿ ಕೇಳಿದವರಿಗೆ ಭೇದಿಯ ಔಷಧಿಯ ಪೆಟ್ಟಿಗೆ ಕೊಟ್ಟು ಬೈಸಿಕೊಂಡರು. ಮನೆಯಲ್ಲಿ ಫೋನು ಬಡಿದರೆ ಬಚ್ಚಲಿ‌ಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಿದ್ದರು. ಗಂಗೂಬಾಯಿಯೇ ಎರಡು ಸಲ ಫೋನು ಮಾಡಿದರು. ಹೋಳಿಗೆಗೆ ಬೆಲ್ಲ ಯಾವ ಅಂಗಡಿಯದು ತರಬೇಕು, ಚಾಪೆ ಸಾಲುತ್ತವೆಯೋ ಇಲ್ಲವೋ ಎಂದೆಲ್ಲ ಪ್ರೇಮಾಳನ್ನು ಕೇಳಿದರು. ಪುಸ್ತಕದ ಸುದ್ದಿಯನ್ನು ಮಾತ್ರ ಎತ್ತಲಿಲ್ಲ. ಅದೇ ಕಲ್ಯಾಣಪ್ಪನವರಿಗೆ ಹೆಚ್ಚು ಭಯ ಹುಟ್ಟಿಸಿತು.

"ಹೇಳಿಬಿಡ್ರಿ ದೊಡ್ಡವ್ವಗ. ಬೈದ್ರ ಬೈತಾಳ," ಎಂದಳು ಪ್ರೇಮಾ.

"ಬೈದ್ರ ಚಲೋನ ಆತು. ಬೈಯಲಿಲ್ಲ ಅಂದ್ರ ಏನ್ ಮಾಡ್ಲಿ?" ಎಂದರು ಕಲ್ಯಾಣಪ್ಪನವರು.

ಇಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ಒಂದು ಸಂಜೆ ರಾಮದಾಸರು ಬಂದು, ಕದ ಮುಚ್ಚಿ, ಒಂದು ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. "ಅಬಿಡ್ಸ್ ಫುಟ್‌ಪಾತಿನ್ಯಾಗ ಸಿಕ್ತರಿ. ಇಂಥಾದ್ದು ಮಲ್ಲಪ್ಪನ ಹತ್ರ ಒಂದೈತಿ, ಭಾಳ ಜಂಬ ಅವಂಗ. ಈಗ ನನ್ನ ಹೆಸರಿಲೆ ಗ್ರಂಥಾಲಯಕ್ಕ ಹಾಕ್ರಿ. ಅವಂಗ ಹೇಳಬ್ಯಾಡ್ರಿ ಮತ್ತ." ಮೊದಲ ಪುಟದಲ್ಲಿ ಮಲ್ಲಪ್ಪನ ಹೆಸರನ್ನು ನೀಲಿ ಶಾಯಿಯಿಂದ ಹೊಡೆದು ಹಾಕಿದ್ದರು. ಮರುದಿನ ಮಲ್ಲಪ್ಪನವರು ಬಂದು, ಅದೇ ಗುಟ್ಟಿನಿಂದ, ರಾಮದಾಸರದೇ ಪುಸ್ತಕವೊಂದನ್ನು ಇಟ್ಟು ಹೋದರು. ಹೀಗೆ ಸಂಘದವರೆಲ್ಲ ಒಬ್ಬರಿಗೊಬ್ಬರು ತಿಳಿಯದಂತೆ ಭಾನುವಾರ ಅಬಿಡ್ಸ್‌ಗೆ ಹೋಗಿ, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಕೊಂಡು, ದಾನಿಗಳಾಗಿ ಕಲ್ಯಾಣಪ್ಪನವರ ಮನೆಗೆ ಬರತೊಡಗಿದರು. ಹೀಗೆ ಬಂದ ಪುಸ್ತಕವೆಲ್ಲ ಟ್ರಂಕಿಗೆ ಇಳಿಯಿತು. ಪ್ರತಿ ಸಲ ಬಾಗಿಲು ಬಡಿದಾಗ ಕಲ್ಯಾಣಪ್ಪನವರು ಇಳಕಲ್ ಸೆರಗಿನ ಕಟ್ಟು ಕಾಣುವುದೇ ಎಂದು ಬಂದವರ ಕೈ ನೋಡುತ್ತಿದ್ದರು. ಟ್ರಂಕು ತುಂಬಿತು, ಕಟ್ಟು ಬರಲಿಲ್ಲ.

ಮತ್ತೆ ಸರ್ವರನ ಹತ್ತಿರ ಓಡಿದರು. ಸರ್ವರ್‌ಗೆ ಈಗ ಅವರ ಬಾಯಿಂದಲೇ ಸಂಗತಿಯೆಲ್ಲ ತಿಳಿದಿತ್ತು, ಕಟ್ಟು ಒಯ್ದವರು ಯಾರೆಂದು ಮರುಕದಿಂದ ದಿನವೂ ನೆನಪು ಮಾಡಿಕೊಳ್ಳುತ್ತಿದ್ದ. ಬಟ್ಟೆಯಲ್ಲಿ ಕಟ್ಟಿದ್ದು ದೇವರ ಪುಸ್ತಕವಿರಬೇಕೆಂದು ತಾನು ಅದನ್ನು ಬಿಚ್ಚಿರಲಿಲ್ಲ, ಅದಕ್ಕೆ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ ಎಂದ. ಒಯ್ದವರು ವಯಸ್ಸಾದ ಸಾಹೇಬರು, ಹಣೆಯ ಮೇಲೆ ಬೂದಿ, ಫುಟ್‌ಪಾತಿನ ಮೇಲೆಯೇ ಚಪ್ಪಲಿ ಬಿಟ್ಟು ಎರಡೂ ಕೈ ಚಾಚಿದರು ಎಂದ. ಹೈದರಾಬಾದಿನಲ್ಲಿ ಫುಟ್‌ಪಾತಿನ ಮೇಲೆ ಚಪ್ಪಲಿ ಬಿಡುವ ಮನುಷ್ಯ ಒಬ್ಬರೇ.

ಶಿವಶರಣಪ್ಪನವರ ಮನೆಯ ದೇವರಕೋಣೆಯ ಜಗಲಿಯ ಮೇಲೆ, ದೇವರ ನಡುವೆ, ಕಟ್ಟು ಕೂತಿತ್ತು. ಮೇಲೆ ಬಿಲ್ವಪತ್ರೆ, ಮುಂದೆ ದೀಪ. ಕಲ್ಯಾಣಪ್ಪನವರು ಅದರ ಮುಂದೆ ದೊಪ್ಪನೆ ಮಂಡಿಯೂರಿದರು, ಅದನ್ನು ಭಕ್ತಿಯೆಂದು ತಿಳಿದು ಅಧ್ಯಕ್ಷರ ಹೆಂಡತಿ ಶಿವದೇವಿ ಅವರಿಗೂ ಆರತಿ ಕೊಟ್ಟರು.

"ರಸ್ತೆದಾಗ ಕರದು ಕೊಟ್ಟಾರ್ರಿ ನನಗ," ಎಂದರು ಶಿವಶರಣಪ್ಪನವರು, ದನಿ ತಗ್ಗಿಸಿ. "ಒಂದು ಪೈಸೆ ಮುಟ್ಟಲಿಲ್ಲ ಆ ಮನುಷ್ಯ. ಒಳಗ ಯಾವ ಪುರಾಣ ಐತೋ ನೋಡಿಲ್ಲ. ಸೋಮವಾರ ಗಂಗೂಬಾಯೇರ ಮನಿಗೆ ಹೊತ್ಕೊಂಡು ಹೋಗಿ ಅವರ ಕೈಲೇ ಬಿಚ್ಚಸ್ತೀನಿ."

"ಅಷ್ಟರಾಗ ನಾನು ಒಯ್ದು ಸ್ಕ್ಯಾನ್ ಮಾಡಿಸಿಕೊಂಡು ಬರಲೇನ್ರಿ?"

"ತಾನಾಗಿ ಬಂದದ್ದನ್ನ ಯಂತ್ರದಾಗ ಹಾಕೂದು ಏನ್ರಿ ಕಲ್ಯಾಣಪ್ಪನವರ? ಶ್ರಾವಣ ಮುಗೀಲಿ."

ಅದು ಗಂಗೂಬಾಯಿಯವರದೇ ಎಂದು ಹೇಳಿದರೆ ಅದು ಫುಟ್‌ಪಾತಿಗೆ ಹೇಗೆ ಬಂತೆಂದು ಹೇಳಬೇಕು. ಹೇಳದಿದ್ದರೆ ಸೋಮವಾರ ಇಡೀ ಊರಿನ ಮುಂದೆ ತಾನೇ ಬಯಲಾಗುತ್ತದೆ. ಕಲ್ಯಾಣಪ್ಪನವರು ಪ್ರಸಾದದ ಸಕ್ಕರೆ ಬಾಯಿಗೆ ಹಾಕಿಕೊಂಡು ಎದ್ದರು.

ಸೋಮವಾರ ಬಂತು. ಗಂಗೂಬಾಯಿಯವರ ಪಡಸಾಲೆ ತುಂಬಿತ್ತು. ಪುಣೆಯಿಂದ ವಾಪಸ್ಸಾದ ಹರ್ಷಿತಾ ಕೂಡ ಪ್ರೇಮಾಳ ಪಕ್ಕ ಕೂತಿದ್ದಳು. ವ್ಯಾಸಪೀಠ ಇನ್ನೂ ಖಾಲಿಯಿತ್ತು. ಅದನ್ನು ನೋಡಲಾರದೆ ಕಲ್ಯಾಣಪ್ಪನವರು ಬಾಗಿಲ ಹತ್ತಿರ, ಚಪ್ಪಲಿಗಳ ಮಗ್ಗುಲಲ್ಲಿ ಕೂತಿದ್ದರು. ಆಗ ಶಿವಶರಣಪ್ಪನವರು ಕಟ್ಟನ್ನು ತಲೆಯ ಮೇಲೆ ಹೊತ್ತು, ಹಿಂದೆ ಗಂಟೆ ಬಾರಿಸುವ ಶಿವದೇವಿಯೊಂದಿಗೆ ಒಳಗೆ ಬಂದರು. ಮಂದಿಯೆಲ್ಲ ಎದ್ದು ನಿಂತು ಕೈ ಮುಗಿದರು. ಕಟ್ಟು ಗಂಗೂಬಾಯಿಯವರ ಮುಂದೆ ಬಂದು ಇಳಿಯಿತು.

ಗಂಗೂಬಾಯಿ ಕನ್ನಡಕ ಏರಿಸಿ, ಬಟ್ಟೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಇದು ನನ್ನ ಸೀರಿ ಸೆರಗು ಅಲ್ಲೇನು?"

ಕಲ್ಯಾಣಪ್ಪನವರು ಎದ್ದು ನಿಂತರು. ಏಳಬೇಕೆಂದು ಎದ್ದದ್ದಲ್ಲ, ಕಾಲುಗಳು ತಾವಾಗಿ ಎದ್ದವು.

"ಅತ್ತ್ಯಾರ, ತಪ್ಪು ನಂದು. ಸರ್ವರ್ ಅಂದ್ರ ಮನುಷ್ಯ ಅಂತ ತಿಳಕೊಂಡೆ. ಸರ್ವರ್ ಮನುಷ್ಯ ಅಲ್ಲ. ಅಂದ್ರ ಸರ್ವರ್ ಮನುಷ್ಯನ, ಭಾಳ ಚಲೋ ಮನುಷ್ಯ, ಆದ್ರ ಆ ಸರ್ವರ್ ಅಲ್ಲ. ನನಗ ಗೊತ್ತಿರಲಿಲ್ಲ."

ಈ ಕೊನೆಯ ಮಾತಿಗೆ ಪ್ರೇಮಾ ಬೆಚ್ಚಿ ತಲೆ ಎತ್ತಿದಳು. ಲಗ್ನವಾದಾಗಿನಿಂದ ಗಂಡನ ಬಾಯಲ್ಲಿ ಆ ಮಾತನ್ನು ಅವಳು ಕೇಳಿರಲಿಲ್ಲ. ಕಲ್ಯಾಣಪ್ಪನವರು ಟ್ರಂಕು, ಫುಟ್‌ಪಾತು, ಮೋಸಂಬಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಕಣ್ಣೊರೆಸಿಕೊಂಡರು. ಫುಟ್‌ಪಾತಿನ ಮಾತು ಬಂದಾಗಿನಿಂದ ರಾಮದಾಸರು ಮತ್ತು ಮಲ್ಲಪ್ಪನವರು ಒಬ್ಬರನ್ನೊಬ್ಬರು ಬೇರೆ ರೀತಿಯಲ್ಲಿ ನೋಡತೊಡಗಿದ್ದರು.

"ಕುಂದ್ರಿ ಅಳಿಯಂದ್ರ," ಎಂದರು ಗಂಗೂಬಾಯಿ. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, "ನೀವ ಬಿಚ್ಚರಿ. ತಲಿ ಮ್ಯಾಲ ಹೊತ್ತವರು ನೀವು" ಎಂದರು.

ಶಿವಶರಣಪ್ಪನವರು ಕಣ್ಣು ಮುಚ್ಚಿ ನಾಮಸ್ಮರಣೆ ಮಾಡಿ ಗಂಟು ಬಿಚ್ಚಿದರು. ಒಳಗಿದ್ದದ್ದು ಹೈದರಾಬಾದಿನ ಟೆಲಿಫೋನ್ ಡೈರೆಕ್ಟರಿ. ಹಳೆಯದು, ಮೊದಲನೆಯ ಭಾಗ.

ಶಿವದೇವಿ ಗಂಟೆಯನ್ನು ಮೆಲ್ಲಗೆ ಕೆಳಗಿಟ್ಟು, "ದಿನಾ ಎರಡು ಹೊತ್ತು ಮಂಗಳಾರತಿ ಆಗೇತ್ರಿ ಇದಕ್ಕ" ಎಂದರು.

"ನಮ್ಮ ನಂಬರೂ ಇರಬೇಕಲ್ಲ ಅದರಾಗ," ಎಂದು ಹಿಂದಿನಿಂದ ಯಾರೋ ಅಂದರು. ಮೊದಲು ಹರ್ಷಿತಾ ನಕ್ಕಳು, ಆಮೇಲೆ ಪಡಸಾಲೆಯೇ ನಕ್ಕಿತು. ಶಿವಶರಣಪ್ಪನವರು ಮಾತ್ರ ನಗಲಿಲ್ಲ. ಈ ಸಂಗತಿಯನ್ನು ಯಾವ ನಡಾವಳಿಯಲ್ಲೂ ಬರೆಯಕೂಡದೆಂದು ಮನಸ್ಸಿನಲ್ಲೇ ಠರಾವು ಮಾಡುತ್ತಿದ್ದರು.

ಗಂಗೂಬಾಯಿ ಒಳಗೆ ಹೋಗಿ, ಮಡಿ ಬಟ್ಟೆಯ ಗೂಟದ ಕೆಳಗಿನ ಪೆಟ್ಟಿಗೆಯಿಂದ ನಿಜವಾದ ಪುರಾಣವನ್ನು ತಂದು ಪೀಠದ ಮೇಲಿಟ್ಟರು. "ಯಂತ್ರದ ಹತ್ರ ಕರೀರಿ ಅಂದಿದ್ದೆ. ಕರದಿದ್ರ ಇದನ್ನ ತರತಿದ್ದೆ. ಕರೀಲಿಲ್ಲ, ನಾನೂ ಸುಮ್ನಿದ್ದೆ," ಎಂದು ಹೇಳಿ ಓದಲು ತೊಡಗಿದರು. ಕಲ್ಯಾಣಪ್ಪನವರಿಗೆ ಒಂದು ಅಕ್ಷರವೂ ಕಿವಿಗೆ ಬೀಳಲಿಲ್ಲ. ಪುಸ್ತಕ ಉಳಿಯಿತೆಂಬ ಸಂತೋಷದಿಂದ ಎದೆ ಹಗುರಾಗಿತ್ತು. ಅತ್ತೆ ತಮ್ಮನ್ನು ಒಂದು ದಿನವೂ ನಂಬಿರಲಿಲ್ಲ ಎಂಬ ಸಂಕಟದಿಂದ ಅದೇ ಎದೆ ಹಿಂಡುತ್ತಿತ್ತು. ಟೆಲಿಫೋನ್ ಡೈರೆಕ್ಟರಿಗಾಗಿ ಅನ್ನ ಬಿಟ್ಟವರು ಬಹುಶಃ ಇಡೀ ದೇಶದಲ್ಲಿ ಅವರೊಬ್ಬರೇ.

ಪುರಾಣ ಮುಗಿಯಿತು, ಮಂಗಳಾರತಿ ಆಯಿತು, ಹೋಳಿಗೆ ಊಟವೂ ಆಯಿತು. ಮಂದಿ ಚಪ್ಪಲಿ ಮೆಟ್ಟುವಾಗ ಗಂಗೂಬಾಯಿ ಕಲ್ಯಾಣಪ್ಪನವರನ್ನು ಕರೆದರು. ಅಜ್ಜನ ಕಾಲದ ಪುರಾಣವನ್ನು ಅದೇ ಇಳಕಲ್ ಸೆರಗಿನಲ್ಲಿ ಸುತ್ತಿ, ಗಂಟು ಹಾಕದೆ, ಮುಂದೆ ಹಿಡಿದರು.

"ಶ್ರಾವಣದ ಓದು ನನಗ ಬಾಯಿಪಾಠ ಐತಿ. ಇದನ್ನ ಇವತ್ತ ಒಯ್ರಿ. ಆ ಹುಡುಗಿ ಕೈಯಾಗ ಯಂತ್ರದಾಗ ಇಡಸ್ರಿ. ಒಂದು ಟೆಲಿಫೋನ್ ಪುಸ್ತಕಕ್ಕ ಮುಖ ಇಷ್ಟು ಸಣ್ಣದು ಮಾಡಿಕೊಂಡವರು, ಇದನ್ನ ಕಳಕೊಳ್ಳಂಗಿಲ್ಲ ನೀವು."

ಕಲ್ಯಾಣಪ್ಪನವರ ಕೈ ಮುಂದೆ ಬಂತು, ಹಿಂದೆ ಹೋಯಿತು. ಅವರು ಮೂಲೆಯಲ್ಲಿ ಅನಾಥವಾಗಿ ಬಿದ್ದಿದ್ದ ಡೈರೆಕ್ಟರಿಯ ಕಡೆ ನೋಡಿ, ಬಲು ವಿನಯದಿಂದ ಹೇಳಿದರು:

"ಇದು ನಿಮ್ಮ ಹತ್ರನ ಇರಲಿ ಅತ್ತ್ಯಾರ. ಸದ್ಯ ನನಗ ಆ ಟೆಲಿಫೋನ್ ಪುಸ್ತಕನ ಕೊಡ್ರಿ. ಅದನ್ನ ಸರಿಯಾಗಿ ನಿಮಗ ವಾಪಸ್ ಮುಟ್ಟಿಸಿದ ಮ್ಯಾಲ ಬಂದು ಇದನ್ನ ಕೇಳ್ತೀನಿ."